ಕುಸುರೆಳ್ಳು ಹಿಡಿದ ಕೈಗಳು

“ಭಾರಿ ಒತ್ತಡದಾಗಿನ ಮಂಜುಗಡ್ಡಿಯೊಳಗ ದಿಕ್ಕಾಪಾಲಾದ ಜಲಜನಕ ಹೆಂಗ ಸಾಲಿಗೆ ಬರತೈತಿ? ಇವತ್ತೂ ಹೇಳಲಿಲ್ಲಂದ್ರ ವಿಜ್ಞಾನ ಬಿಟ್ಟುಬಿಡ್ರಿ, ಸಾವಂತ್ರೆವ್ವಾ,” ಎಂದರು ಬೈಲಹೊಂಗಲದ ಸಂಜೆ ಕಾಲೇಜಿನ ಮಾಸ್ತರರು. ಅವಳು ಸಂಕ್ರಾಂತಿಯ ಕುಸುರೆಳ್ಳಿನ ಡಬ್ಬಿ ತೆರೆದು ಸಹಪಾಠಿಗಳೆಲ್ಲರಿಗೂ ಹಂಚಿದಳು. “ನೀವು ಆಮ್ಲಜನಕ, ಈ ಕಾಳು ಜಲಜನಕ. ಎರಡೂ ಕೈಯಾಗ ಒಂದೊಂದು ಹಿಡಿದು ಇಬ್ಬರ ಕಡೆ ಚಾಚ್ರಿ.”

ಕೈಗಳು ದಿಕ್ಕುದಿಕ್ಕಿಗೆ ಚಾಚಿದವು. “ಇದು ಸಾದಾ ಮಂಜುಗಡ್ಡಿ. ಈಗ ಒತ್ತಡ ಹಾಕೂಣು,” ಎಂದು ಎಲ್ಲರನ್ನೂ ಒತ್ತೊತ್ತಾಗಿ ಕೂರಿಸಿದಳು. ಆದರೂ ಕೈಗಳು ಹಿಂದೆ ಮುಂದೆ ತಿರುಗುತ್ತಲೇ ಇದ್ದವು. “ಅಕ್ಕಾ, ನನ್ನ ಕಡೆ ಯಾರೂ ಚಾಚವಲ್ರು!” ಎಂದು ನಡುವೆ ಕೂತ ಶಟ್ಟೆಪ್ಪ ಕೂಗಿದ. ಮಾಸ್ತರರು ನಕ್ಕರು.

ಅವಳು ಹೋಗಿ ಕಿಟಕಿ ತೆರೆದಳು. ಚಳಿಗಾಳಿ ನುಗ್ಗಿತು. ಎಲ್ಲರೂ ಮುದುಡಿ ಕುಳಿತರು. ಹಿಂದೆ ತಿರುಗಲು ಯಾರಿಗೂ ಮನಸ್ಸಾಗಲಿಲ್ಲ. ಕೈಗಳೆಲ್ಲ ಮುಂದಕ್ಕೇ ಚಾಚಿ ನಿಂತವು. “ಒತ್ತಡದ ಜೋಡಿ ಥಂಡಿನೂ ಬೇಕ್ರಿ, ಸರ್!” ಎಂದಳು, ತಾನೇ ಬೆರಗಾಗಿ.

ಮೊದಲ ಸಾಲಿನ ಕೈಗಳ ಎದುರಿಗಿದ್ದವರು ಮಾಸ್ತರರೊಬ್ಬರೇ. ಅವರು ಸೀಮೆಸುಣ್ಣ ಕೆಳಗಿಟ್ಟು ಆ ಕುಸುರೆಳ್ಳಿಗೆ ಎರಡೂ ಅಂಗೈ ಒಡ್ಡಿದರು.