ಮಸಿ ಒಗೆದವಳು

"ಈ ಸಲ ವಿಮೆ ಕಂತಿನ ಮೇಲಿನ ತೆರಿಗೆ ವಿನಾಯಿತಿ ಸಿಗಲ್ಲ, ಡೊಲೊರೆಸ್," ಎಂದ ವರ್ನನ್. ಅಗ್ನಿಶಾಮಕ ದಳದಲ್ಲಿ ಅವಳ ಗಂಡ ಚೆಸ್ಟರ್‌ನ ಜೊತೆಗಾರನಾಗಿದ್ದ ಅವನು, ನಿವೃತ್ತಿಯಾದ ಮೇಲೆ ಅಮೆರಿಕದ ಸ್ಕ್ರ್ಯಾಂಟನ್ನಿನ ಚರ್ಚಿನ ಸಭಾಂಗಣದಲ್ಲಿ ಕೂತು ಊರವರ ತೆರಿಗೆ ಲೆಕ್ಕ ಬರೆದುಕೊಡುತ್ತಿದ್ದ.

"ಯಾಕೆ? ಆರೋಗ್ಯ ವಿಮೆಯ ಕಂತು ಈಗಲೂ ಚೆಸ್ಟರ್‌ನ ಪಿಂಚಣಿಯಲ್ಲೇ ಮುರ್ಕೊಳ್ತಾರಲ್ಲ."

"ಮುರ್ಕೊಳ್ತಾರೆ. ಆದ್ರೆ ವಿನಾಯಿತಿ ಬೆಂಕಿಗೆ ಇಳಿದವನಿಗೆ ಮಾತ್ರ, ಹೆಂಡತಿಗಿಲ್ಲ. ಅವನು ಹೋದ, ಅದೂ ಹೋಯ್ತು. ಕಾನೂನು ನಾನು ಮಾಡಿದ್ದಲ್ಲ."

ಡೊಲೊರೆಸ್‌ಗೆ ಕೆಮ್ಮು ಒತ್ತರಿಸಿ ಬಂತು. ಮೂಗಿಗೆ ಸಿಕ್ಕಿಸಿದ್ದ ಆಮ್ಲಜನಕದ ನಳಿಕೆಯನ್ನು ಒತ್ತಿ ಹಿಡಿದು, ಉಸಿರು ಹದಕ್ಕೆ ಬರುವವರೆಗೆ ಕಾದಳು. ಚೆಸ್ಟರ್ ಕೆಲಸದ ಬಟ್ಟೆಯನ್ನು ಮನೆಗೇ ತರುತ್ತಿದ್ದ. ಮದುವೆಯಾದಂದಿನಿಂದ ಅದರ ಮಸಿ ಕೊಡವಿ ಒಗೆದವಳು ಅವಳು. ಸಿಗರೇಟು ಮುಟ್ಟದವಳ ಶ್ವಾಸಕೋಶ ಹೀಗೆ ಕೆಟ್ಟದ್ದು ಆ ಮಸಿಯಿಂದಲೇ ಇರಬೇಕು ಎಂದು ಡಾಕ್ಟರು ಹೇಳಿದ್ದರು.

"ಬೆಂಕಿ ನಮ್ಮನೆಗೂ ಬರ್ತಿತ್ತು, ವರ್ನನ್. ದಿನಾ ಬಟ್ಟೆಯಲ್ಲಿ ಬರ್ತಿತ್ತು," ಎಂದಳು. "ನಿನ್ನ ಬಟ್ಟೆ ಯಾರು ಒಗೀತಿದ್ರು?"

ವರ್ನನ್‌ನ ಕಣ್ಣು ಸಭಾಂಗಣದ ಆ ತುದಿಯಲ್ಲಿ ನಗುನಗುತ್ತ ಎಲ್ಲರಿಗೂ ಕಾಫಿ ಬಗ್ಗಿಸುತ್ತಿದ್ದ ತನ್ನ ಹೆಂಡತಿಯ ಕಡೆ ಹೊರಳಿ, ಅಲ್ಲೇ ನಿಂತುಬಿಟ್ಟಿತು.