ಕಡಲು ಒಪ್ಪಿದ ದಿನ

ದ್ವೀಪದಿಂದ ದಡದವರೆಗೆ ಇಪ್ಪತ್ತು ಕಿಲೋಮೀಟರ್ ಈಜಲು ಬಂದ ಹುಡುಗಿ ಆರು ದಿನಗಳಿಂದ ಕಡಲು ತಣಿಯುವುದನ್ನೇ ಕಾಯುತ್ತಿದ್ದಳು. ಊರಿನ ಆಸ್ಪತ್ರೆಯಲ್ಲಿ ಅವಳ ತಾಯಿ ಕಾಯಿಲೆಯಿಂದ ಮಲಗಿದ್ದಳು.

“ಇವತ್ತೂ ಆಗೂದಿಲ್ಲ ತಂಗಿ,” ಎಂದ ದೋಣಿಯವನು. “ಗಾಳಿ ಜೋರುಂಟು. ಕಡಲಿಗೆ ನಿನ್ನ ಹಾಂಗೆ ಅವಸರ ಇಲ್ಲ.”

“ಸಾಕಪ್ಪ, ಅಮ್ಮನ ಹತ್ರ ಹೋಗುವ,” ಎಂದಳು ಹುಡುಗಿ, ಜೊತೆಗೆ ಬಂದಿದ್ದ ತಂದೆಗೆ.

“ಅದನ್ನ ಅವಳಿಗೇ ಹೇಳು,” ಎಂದು ತಂದೆ ಫೋನು ಕೊಟ್ಟ.

“ಈಜದೆ ಬಂದ್ರೆ ಬಾಗಿಲಲ್ಲೇ ನಿಲ್ಲಿಸ್ತೇನೆ,” ಎಂದಿತು ತಾಯಿಯ ಸೋತ ದನಿ. “ದಡ ಮುಟ್ಟಿಯೇ ಬಾ ಮಗಾ. ನಾನು ಕಾಯ್ತೇನೆ.”

ಏಳನೆಯ ದಿನ ಕಡಲು ತಣಿಯಿತು. ಬೆಳಕು ಹರಿಯುವಾಗ ಮಗಳು ದ್ವೀಪದ ಬಂಡೆಯಿಂದ ನೀರಿಗಿಳಿದಳು. ತಂದೆ ದೋಣಿಯಲ್ಲಿ ಜೊತೆಗೆ ಬಂದ. ಈಜಿನ ನಿಯಮದಂತೆ ಅವಳು ದೋಣಿಯನ್ನು ಮುಟ್ಟುವಂತಿರಲಿಲ್ಲ. ಗ್ಲೂಕೋಸ್ ನೀರಿನ ಬಾಟಲಿಯನ್ನು ಅವನು ಕೋಲಿಗೆ ಕಟ್ಟಿ ಚಾಚುತ್ತಿದ್ದ. ದಡ ಕಾಣತೊಡಗಿದಾಗ ಅವನ ಫೋನು ಬಡಿದುಕೊಂಡಿತು.

“ಅಮ್ಮನಾ ಅಪ್ಪ?” ನೀರಿನಿಂದಲೇ ಕೇಳಿದಳು.

“ಚಿಕ್ಕಮ್ಮ. ಅಮ್ಮ ಹೇಳಿದ್ದಾಳಂತೆ, ನಡುವೆ ನಿಲ್ಲಬಾರದು ಅಂತ. ಕೈ ಬೀಸು.”

ಮಧ್ಯಾಹ್ನ ದಾಟುವ ಹೊತ್ತಿಗೆ ಅವಳ ಕಾಲಿಗೆ ಮರಳು ತಾಗಿತು. ದಡದಲ್ಲಿ ಜನ ಚಪ್ಪಾಳೆ ತಟ್ಟಿದರು. ತಂದೆ ಪಂಚೆಯನ್ನೂ ಎತ್ತಿ ಕಟ್ಟದೆ ಸೊಂಟದ ನೀರಿಗೆ ಇಳಿದು ಬಂದು ಅವಳ ತಲೆಯ ಮೇಲೆ ಕೈಯಿಟ್ಟ.

“ಮುಟ್ಟಿದೆ ಅಪ್ಪ. ಇನ್ನು ಅಮ್ಮನ ಹತ್ರ ಹೋಗುವ.”

“ಈಗಲೇ ಮೇಲೆ ಬರಬೇಡ ಮಗಾ. ನಮಗೆ ಸೂತಕ ಬಂದಿದೆ, ಮೂರು ಮುಳುಗು ಹಾಕಿ ಬಾ.”