ಓಲಾ ಅಜ್ಜಿಯ ಕಾಗದದ ಚೀಲ

ಅರ್ಧ ಅಮೆರಿಕನೇ ನನ್ನ ಮುಖನ ಟಿವಿಲಿ ನೋಡಿದೆ. ಸರಿ ಸರಿ, ಅದ್ರಲ್ಲಿ ಅರ್ಧ ಸುಳ್ಳು. ಟಿವಿಲಿ ಬಂದಿದ್ದು ನಿಜ, ಮುಖ ಮಾತ್ರ ಕಾಣಿಸ್ಲಿಲ್ಲ. ತಲೆಯಿಂದ ಕತ್ತಿನ ತನಕ ದಿನಸಿ ಅಂಗಡಿ ಕಾಗದದ ಚೀಲ ಹಾಕ್ಕೊಂಡಿದ್ದೆ.

ಆ ಚೀಲ ಕೊಟ್ಟೋಳು ಪಕ್ಕದ್ಮನೆ ಅರ್ಲೀನ್. ಆವತ್ತು ಚರ್ಚಿಂದ ಬಂದೋಳು ತಲೆ ಮೇಲಿನ ದೊಡ್ಡ ಟೋಪಿನೂ ತೆಗೀದೆ ನನ್ನ ಅಡುಗೆಮನೆಗೆ ನುಗ್ಗಿದ್ಳು.

"ಓಲಾ, ಆಟ ನೋಡಕ್ಕೆ ಹೊರಟಿದೀಯಂತೆ? ಹುಡುಗನ ಅನ್ನಕ್ಕೆ ಕಲ್ಲು ಹಾಕ್ಬೇಕು ಅಂತಿದೀಯಾ?"

"ಮೊಮ್ಮಗ ಟಿಕೆಟ್ ಕಳ್ಸಿದಾನೆ ಕಣೇ. ಹೋಗ್ದೆ ಇರಕ್ಕಾಗತ್ತಾ?"

ನನ್ನ ಮೊಮ್ಮಗ ರಾಂಡೆಲ್ ಇದಾನಲ್ಲ, ಮೆಂಫಿಸ್ ಹೆರಾನ್ಸ್ ತಂಡದೋನು. ಹೆಸ್ರು ಫುಟ್‌ಬಾಲು, ಇವನ ಕೆಲ್ಸ ಮಾತ್ರ ಕೈಲಿ. ಹಿಂದೆ ನಿಂತೋನು ಎಸೀತಾನೆ, ಇವನು ಮುಂದೆ ಓಡಿ ಹಿಡೀಬೇಕು. ಅಷ್ಟೇ. ನಾಲ್ಕು ಜನ ಮೈಮೇಲೆ ಬಿದ್ದಿರ್ಲಿ, ಮೋಡದಿಂದ ಒಂದೇ ಕೈಲಿ ಕಿತ್ಕೊಂಡು ಬರ್ತಾನೆ. ಸುತ್ತ ಒಂದು ನರಪಿಳ್ಳೆ ಇಲ್ದೆ ಚೆಂಡು ತಾನಾಗೇ ಬಂದು ಎದೆಗೆ ಒರಗ್ಲಿ, ಸೋಪು ಜಾರಿದ ಹಾಗೆ ಜಾರಿಸ್ತಾನೆ.

ನಮ್ಮ ಬೀದಿಯೋರ ಪ್ರಕಾರ ತಪ್ಪು ಅವನ ಕೈದಲ್ಲ, ನನ್ನ ಕಣ್ಣಿಂದು. ನಾನು ನೋಡಿದ್ರೆ ಬೀಳಿಸ್ತಾನಂತೆ, ನೋಡ್ದಿದ್ರೆ ಹಿಡೀತಾನಂತೆ. ಅದಕ್ಕೇ ಆಟದ ದಿನ ಬಂತು ಅಂದ್ರೆ ಬೀದಿಗೆ ಬೀದಿನೇ ನನ್ನ ಟಿವಿ ಮುಂದೆ ಕೂತ್ಕೊಳ್ಳತ್ತೆ, ನನ್ನ ಮಾತ್ರ ನನ್ನದೇ ಅಡುಗೆಮನೆಗೆ ತಳ್ಳಿ ಬಾಗಿಲು ಹಾಕ್ಕೊಳ್ಳತ್ತೆ. ಒಲೆ ಮೇಲೆ ಹಂದಿ ಪಕ್ಕೆಲುಬು ಬೇಯ್ತಿರತ್ತೆ, ಪಕ್ಕದಲ್ಲಿ ನಾನು ಬೇಯ್ತಿರ್ತೀನಿ.

ಆವತ್ತಿಂದು ಆ ವರ್ಷದ ಕೊನೇ ಆಟ. "ಇವತ್ತು ನಿನ್ನ ಆಟ ನೋಡಿ, ಇಟ್ಕೊಳ್ಳೋದಾ ಬಿಡೋದಾ ಹೇಳ್ತೀನಿ" ಅಂದಿದ್ನಂತೆ ಕೋಚು.

"ಹೋಗು, ಬೇಡ ಅನ್ನಲ್ಲ" ಅಂದ್ಳು ಅರ್ಲೀನ್. "ಅವನ ಕಡೆ ಚೆಂಡು ಹೊರಟ ತಕ್ಷಣ ಇದನ್ನ ತಲೆಗೆ ಹಾಕ್ಕೊಂಡು ಬಿಡು. ತೂತುಗೀತು ಮಾಡ್ಕೊಂಡ್ರೆ ನೋಡು ಮತ್ತೆ!"

ಅವಳು ಹೇಳಿದ್ದು ಚೆಂಡು ಬಂದಾಗ. ನಾನು ಹೆದ್ರುಪುಕ್ಲಿ, ರಾಂಡೆಲ್ ಮೈದಾನಕ್ಕೆ ಇಳೀತಿದ್ದ ಹಾಗೇ ಹಾಕ್ಕೊಂಡು ಕೂತೆ. ಒಳಗೆಲ್ಲಾ ಈರುಳ್ಳಿ ವಾಸನೆ. ಸ್ವಲ್ಪ ಹೊತ್ತಿಗೆ ಸ್ಟೇಡಿಯಮ್ಮೇ ಹೋ ಅಂತ ನಗಕ್ಕೆ ಶುರು ಮಾಡ್ತು. ಏನು ನಗು ಅಂತೀರಿ, ನದಿ ಆಚೆ ದಡದಲ್ಲಿ ದನಗಳು ಬೆದರಿ ಓಡಿರ್ಬೇಕು.

ಪಕ್ಕದಲ್ಲಿದ್ದ ಗಂಡಸು ನನ್ನ ಮೊಣಕೈ ತಿವಿದ. "ಅಮ್ಮಾ, ದೊಡ್ಡ ಪರದೆ ಮೇಲೆ ನಿಮ್ಮನ್ನೇ ತೋರಿಸ್ತಿದಾರೆ. 'ರಾಂಡೆಲ್‌ನ ಅಜ್ಜಿ' ಅಂತ ಹೆಸ್ರೂ ಹಾಕಿದಾರೆ."

ಆಗ ಹೊಳೀತು ನಂಗೆ. ತಂಡ ಮಾನ ಕಳ್ದಾಗ, ಇವ್ರು ನಮ್ಮೋರು ಅಂತ ಹೇಳ್ಕೊಳ್ಳಕ್ಕೆ ನಾಚಿಕೆ ಅಂತ ತೋರ್ಸಕ್ಕೆ ಜನ ತಲೆಗೆ ಹಾಕ್ಕೊಳ್ಳೋದು ಇದೇ ಚೀಲ ಅಲ್ವಾ! ಮೆಂಫಿಸಲ್ಲಿ ಹಾಲು ಕುಡಿಯೋ ಮಗುಗೂ ಗೊತ್ತಿರೋ ವಿಷಯ, ನಮ್ಮಿಬ್ರು ಮುದುಕೀರ ತಲೆಗೆ ಹೋಗಿರ್ಲಿಲ್ಲ.

ನಗು ಹೋಗಿ "ಛೇ" ಅಂತ ಒಂದು ಸದ್ದು ಬಂತು. ಆ ಸದ್ದು ನನ್ನ ಅಡುಗೆಮನೆಗೂ ಪರಿಚಯ. ಪರದೆ ಮೇಲೆ ನನ್ನ ನೋಡ್ತಾ ನಿಂತ ರಾಂಡೆಲ್ ಎದೆಗೆ ಬಂದ ಚೆಂಡು ಬೀಳಿಸಿದ್ನಂತೆ, ಪಕ್ಕದೋನೇ ಹೇಳ್ದ. ಕೋಚು ಕರೆದು ಹೊರಗೆ ಕೂರು ಅಂದ್ನಂತೆ.

ಅವನು ಕೂರ್ಲಿಲ್ಲ, ಸೀದಾ ನಾನು ಕೂತಿದ್ದ ಸಾಲಿನ ಮುಂದಿನ ಕಟಾಂಜನದ ಹತ್ರ ಬಂದ.

"ಅಜ್ಜೀ, ನಿಂಗೂ ನಾಚಿಕೆ ಆಯ್ತಾ?"

"ಅಯ್ಯೋ ನನ್ನ ಬಂಗಾರ, ನಾಚಿಕೆ ಅಲ್ವೋ! ನಾನು ನೋಡಿದ್ರೆ ನೀನು ಬೀಳಿಸ್ತೀಯ ಅಂತ…"

"ಈಗ ನೀನು ನೋಡ್ತಿದ್ಯಾ?"

"ಎಲ್ಲಿಂದ? ನಂಗೆ ಕಾಣ್ತಿರೋದು ಚೀಲದ ತಳ ಒಂದೇ."

"ಆದ್ರೂ ಬಿತ್ತಲ್ಲ! ಬೀಳ್ತಿರೋದು ನನ್ನ ಕೈಯಿಂದ ಅಜ್ಜಿ, ನಿನ್ನ ಕಣ್ಣಿಂದ ಅಲ್ಲ. ತೆಗಿ ಅದನ್ನ. ಬೀಳಿಸಿದ್ರೂ ನೋಡು. ನಿನಗೆ ಟಿಕೆಟ್ ಕಳ್ಸಿದ್ದು ಯಾಕೆ ಮತ್ತೆ?"

ತೆಗೆದೆ. ಎರಡು ವರ್ಷ ಆಗಿತ್ತು ಅವನು ಆ ಅಂಗಿ ಹಾಕ್ಕೊಂಡು ನಿಂತಿದ್ದನ್ನ ಕಣ್ತುಂಬ ನೋಡಿ. ಹೆಬ್ಬಾಗಿಲಷ್ಟು ಅಗಲ ಆಗಿದ್ದ, ಕಣ್ಣು ಮಾತ್ರ ಬೈಸ್ಕೊಂಡ ಮಗೂದು.

ಕೊನೇ ಗಳಿಗೆ. ನಾಲ್ಕು ಅಂಕ ಹಿಂದಿದ್ವಿ. ನಮ್ಮ ತಂಡದ ಇನ್ನೊಬ್ಬ ಹುಡುಗ ಕುಂಟ್ತಾ ಆಚೆ ಬಂದ. ಕೋಚು ಅತ್ತ ನೋಡ್ದ, ಇತ್ತ ನೋಡ್ದ, ಬೇರೆ ಯಾರೂ ಸಿಗ್ದೆ ರಾಂಡೆಲ್‌ನ ಒಳಗೆ ತಳ್ಳಿದ. ಇವನು ಮೈದಾನದ ಕೊನೇ ಗೆರೆ ದಾಟಿ ಓಡ್ದ. ಅಲ್ಲಿ ಹಿಡಿದ್ರೆ ಆರು ಅಂಕ, ಆಟ ನಮ್ದು. ಚೆಂಡು ಬಂತು. ಕಷ್ಟದ್ದಾಗಿದ್ರೆ ನಾನು ನಿಶ್ಚಿಂತೆಯಾಗಿ ಕೂತಿರ್ತಿದ್ದೆ. ಇದು ಬೆಣ್ಣೆಯಂಥ ಚೆಂಡು. ಹತ್ರದಲ್ಲಿ ಒಬ್ಬನೂ ಇಲ್ಲ, ಸೀದಾ ಎದೆಗೆ. ಅವನಿಗೆ ಗಂಡಾಂತರ ಅಂದ್ರೆ ಇಂಥದ್ದೇ. ಕೈಯಲ್ಲಿದ್ದ ಚೀಲ ಮುದ್ದೆ ಮಾಡ್ಕೊಂಡೆ, ಕಣ್ಣು ಮುಚ್ಚಲಿಲ್ಲ.

ಆಮೇಲೆ ಏನಾಯ್ತು ಅಂತ ನಾನು ಹೇಳಲ್ಲ. ಇಷ್ಟು ಕೇಳಿಸ್ಕೊಳ್ಳಿ. ಈಗ ಆಟದ ದಿನ ಅರ್ಲೀನ್ ಚರ್ಚಿಂದ ನೇರ ಬಂದು ನನ್ನ ಕುರ್ಚಿನ ಟಿವಿ ಮುಂದಕ್ಕೆ ಎಳೀತಾಳೆ. ನನ್ನ ಕನ್ನಡಕ ತಾನೇ ಒರೆಸಿ ಮೂಗಿಗೆ ಏರಿಸ್ತಾಳೆ. ಒಲೆ ಮೇಲೆ ಪಕ್ಕೆಲುಬು ಸೀದು ಕಪ್ಪಾಗ್ತಿದ್ರೂ ಏಳಕ್ಕೆ ಬಿಡಲ್ಲ. ರಾಂಡೆಲ್ ಇನ್ನೂ ಒಂದೊಂದ್ಸಲ ಬೀಳಿಸ್ತಾನೆ. ಆಗ ನನ್ನ ತೊಡೆಗೆ ಒಂದು ಬಿಗಿದು, "ಕಣ್ಣು ಮಿಟುಕಿಸಿದೆ ಅಲ್ವೇನೇ?" ಅಂತ ಬೈತಾಳೆ.

ಈಗ ನೀವೇ ಹೇಳಿ, ಆವತ್ತು ಆ ಚೆಂಡು ಏನಾಗಿರ್ಬೋದು?